ಎಡಚರಿಗೆ ಎಡಗೈ ರೀಲೇ ಬೇಕಾ?

ಪ್ರಶ್ನೆ: ಸರ್, ನಾನು ಸಿಂಧನೂರು ಕಡೆಯವನು. ಹುಟ್ಟಿನಿಂದ ಎಡಚ. ಕೊರಮೀನು ಹಿಡಿಯೋಕೆ ಗಾಳದ ರಾಡಿಗೆ ಹಾಕುವ ಒಂದು ಬೇಟ್‌ಕಾಸ್ಟರ್ ರೀಲ್ (ದಾರ ಸುತ್ತುವ ಉರುಳೆ) ತಗೊಳ್ಳೋಣ ಅಂತ ಹೋಗಿದ್ದೆ. ಅಂಗಡಿಯವರು ‘ನೀವು ಎಡಚರು, ನಿಮಗೆ ಲೆಫ್ಟ್ ಹ್ಯಾಂಡ್ ರೀಲೇ ಆಗಬೇಕು’ ಅಂದರು. ಅವರ ಹತ್ತಿರ ಇರಲಿಲ್ಲ, ಬೇರೆ ಊರಿಂದ ತರಿಸಿ ಕೊಟ್ಟರು. ಎರಡು ತಿಂಗಳಾದರೂ ಕೈಗೆ ಒಗ್ಗುತ್ತಿಲ್ಲ. ಎಸೆದ ಮೇಲೆ ಪ್ರತಿ ಸಲ ರಾಡನ್ನು ಆ ಕೈಯಿಂದ ಈ ಕೈಗೆ ಬದಲಾಯಿಸಬೇಕು. ಅಷ್ಟರಲ್ಲಿ ಮೀನು ಹೊಡೆದು ಹೋಗಿರುತ್ತದೆ. ಗೆಳೆಯರು ನಗುತ್ತಾರೆ. ತಪ್ಪು ನನ್ನ ಕೈಯದಾ, ರೀಲಿನದಾ? ಇನ್ನೊಂದು ಮಾತು. ನನ್ನ ಮಗನಿಗೆ 12 ವರ್ಷ, ಅವನು ಬಲಗೈಯವನು. ಅವನಿಗೆ ಯಾವ ರೀಲ್ ಕೊಡಿಸಲಿ?

ಉತ್ತರ: ತಪ್ಪು ನಿಮ್ಮ ಕೈಯದಲ್ಲ. ರೀಲಿನದೂ ಅಲ್ಲ. ಡಬ್ಬಿಯ ಮೇಲೆ ಬರೆದಿರುವ ಆ ಎರಡು ಪದದ್ದು.

‘ಲೆಫ್ಟ್ ಹ್ಯಾಂಡ್ ರೀಲ್’ ಅಂದರೆ ಎಡಚರ ರೀಲ್ ಅಂತ ಅಲ್ಲ. ತಿರುಗಿಸುವ ಹಿಡಿಕೆ ಎಡಗಡೆ ಇದೆ, ಎಡಗೈಯಿಂದ ಸುತ್ತಬೇಕು ಅಂತ ಅಷ್ಟೇ. ಎಸೆಯುವ ಕೈ ಯಾವುದು ಅನ್ನೋದನ್ನು ಆ ಹೆಸರು ಹೇಳುವುದೇ ಇಲ್ಲ. ಅಂಗಡಿಯವರು ಮೋಸ ಮಾಡಿದರು ಅಂತ ನನಗನ್ನಿಸುವುದಿಲ್ಲ. ಎಡಗೈ ಅಂತ ಬರೆದಿದೆ, ಬಂದವರು ಎಡಚರು, ಕೊಟ್ಟರಾಯಿತು. ಈ ಲೆಕ್ಕ ತುಂಬಾ ಜನ ಮಾಡುತ್ತಾರೆ.

ಈಗ ನಿಮ್ಮ ಕೈಗಳನ್ನೇ ನೋಡಿ. ನೀವು ಎಡಗೈಯಿಂದ ಎಸೆಯುತ್ತೀರಿ. ಎಸೆದಾಗ ರಾಡ್ ಎಡಗೈಯಲ್ಲಿರುತ್ತದೆ, ಬಲಗೈ ಖಾಲಿ. ಹಿಡಿಕೆಯೂ ಬಲಗಡೆ ಇದ್ದರೆ ಖಾಲಿ ಇರುವ ಕೈ ನೇರ ಹೋಗಿ ಸುತ್ತಲು ಶುರು ಮಾಡುತ್ತದೆ. ಆದರೆ ನಿಮ್ಮ ರೀಲಿನ ಹಿಡಿಕೆ ಎಡಗಡೆ ಇದೆ. ಎಡಗೈಯಲ್ಲಿ ಆಗಲೇ ರಾಡ್ ಇದೆ. ಅದಕ್ಕೇ ರಾಡನ್ನು ಬಲಗೈಗೆ ದಾಟಿಸಬೇಕು, ಆಮೇಲೆ ಎಡಗೈಯಿಂದ ಸುತ್ತಬೇಕು. ಅಂದರೆ ನಿಮಗೆ ಬೇಕಿದ್ದದ್ದು ‘ರೈಟ್ ಹ್ಯಾಂಡ್’ ಬೇಟ್‌ಕಾಸ್ಟರ್. ಆ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಇಟ್ಟಿದ್ದರಲ್ಲ, ಅದೇ. ಇದ್ದದ್ದನ್ನು ಬಿಟ್ಟು ಇಲ್ಲದ್ದನ್ನು ತರಿಸಿಕೊಂಡಿದ್ದೀರಿ.

ಎಡಚರ ಪಾಡು ನನಗೆ ಗೊತ್ತು. ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಕತ್ತರಿ ಬಲಗೈಯವರದು, ಕಾಲೇಜಿನ ಕುರ್ಚಿಯ ಹಲಗೆ ಬಲಗೈಯವರದು, ಊಟಕ್ಕೆ ಕೂತರೆ ‘ಏ ರೊಡ್ಡ, ಆ ಕೈ ಅಲ್ಲ’ ಅಂತ ಬೈಗುಳ. ಯಾವ ವಸ್ತುವೂ ಅವರಿಗಾಗಿ ಮಾಡಿದ್ದಲ್ಲ. ಬೇಟ್‌ಕಾಸ್ಟರ್ ರೀಲ್ ಮಾತ್ರ ಗೊತ್ತಿಲ್ಲದೆಯೇ ಎಡಚರಿಗೆ ಅಂತ ಮಾಡಿದ ಹಾಗಿದೆ. ನಿಜವಾಗಿ ಕಷ್ಟಪಡುವವರು ಬಲಗೈಯವರು.

ಅದು ಹೇಗೆ ಅಂದರೆ, ಬೇಟ್‌ಕಾಸ್ಟರ್ ರಾಡಿನ ಮೇಲೆ ಕೂರುತ್ತದೆ. ದಾರ ಸುತ್ತಿದ ಉರುಳೆಯೇ ತಿರುಗುತ್ತದೆ, ಹೆಬ್ಬೆರಳನ್ನು ಅದರ ಮೇಲಿಟ್ಟು ಎಸೆತ ಹದ ಮಾಡುತ್ತೇವೆ. ಅಮೆರಿಕದ ಕೆಂಟಕಿ ಕಡೆ 19ನೇ ಶತಮಾನದ ಶುರುವಿನಲ್ಲಿ ಗಡಿಯಾರ ಮಾಡುವವರು, ಬೆಳ್ಳಿ ಕೆಲಸದವರು ಇಂಥ ರೀಲುಗಳನ್ನು ಮಾಡಲು ಶುರು ಮಾಡಿದರು. ಆಗಿನ ರೀಲುಗಳಲ್ಲಿ ಈಗಿನಂಥ ಡ್ರ್ಯಾಗ್ (ಮೀನು ಜೋರಾಗಿ ಎಳೆದಾಗ ದಾರವನ್ನು ಹದವಾಗಿ ಬಿಡುವ ಬ್ರೇಕು) ಇರಲಿಲ್ಲ. ಮೀನು ಎಳೆದರೆ ಹಿಡಿಕೆಯೇ ಉಲ್ಟಾ ಗಿರಗಿರ ತಿರುಗಿ ಬೆರಳಿನ ಗಂಟಿಗೆ ಬಡಿಯುತ್ತಿತ್ತು. ಸುತ್ತುವ ಕೆಲಸವೇ ಕಷ್ಟದ್ದು, ಅದಕ್ಕೆ ಗಟ್ಟಿ ಕೈ ಬೇಕು ಅಂತ ಹಿಡಿಕೆ ಬಲಕ್ಕೆ ಬಂತು ಅಂತ ನನ್ನ ಅಂದಾಜು. ಆಮೇಲೆ ಡ್ರ್ಯಾಗ್ ಬಂತು, ಗೇರ್ ನುಣುಪಾಯಿತು. ಹಿಡಿಕೆ ಮಾತ್ರ ಇದ್ದಲ್ಲೇ ಉಳಿಯಿತು. ಇವತ್ತಿಗೂ ಎಷ್ಟೋ ಬಲಗೈಯವರು ಬಲಗೈಯಿಂದ ಎಸೆದು, ರಾಡನ್ನು ಎಡಗೈಗೆ ದಾಟಿಸಿ, ಬಲಗೈಯಿಂದ ಸುತ್ತುತ್ತಾರೆ. ನೀವು ಈಗ ಪಡುತ್ತಿರುವ ಪಾಡನ್ನೇ ಅವರು ವರ್ಷಗಟ್ಟಲೆ ಪಟ್ಟಿದ್ದಾರೆ. ಅಭ್ಯಾಸ ಆಗಿರುವುದರಿಂದ ಅವರಿಗೆ ಅದು ಪಾಡು ಅನ್ನಿಸುವುದಿಲ್ಲ, ಅಷ್ಟೇ.

ನಾನೂ ಅವರಲ್ಲಿ ಒಬ್ಬನಾಗಿದ್ದೆ. ನನ್ನ ಮೊದಲ ಬೇಟ್‌ಕಾಸ್ಟರ್ ಬಲ ಹಿಡಿಕೆಯದು, ನಾನು ಬಲಗೈಯವನು. ಗಂಗಾವತಿ ಕಡೆ ಒಂದು ಕೆರೆ. ತಾವರೆ ಎಲೆ, ಜೊಂಡು, ನಡುವೆ ಮೇಜಿನಷ್ಟು ಜಾಗ ಖಾಲಿ. ಅಲ್ಲಿಗೆ ರಬ್ಬರ್ ಕಪ್ಪೆ ಎಸೆದೆ. ಸರಿಯಾಗಿ ಬಿತ್ತು. ರಾಡ್ ಬಲಗೈಯಿಂದ ಎಡಗೈಗೆ ದಾಟುತ್ತಿತ್ತು. ಅದೇ ಹೊತ್ತಿಗೆ ನೀರು ‘ಡಬ್’ ಅಂತ ಒಡೆಯಿತು. ಕೊಕ್ಕೆ ಚುಚ್ಚುವುದಿರಲಿ, ರಾಡ್ ಕೈಯಿಂದ ಜಾರಿ ಕೆಸರಿಗೆ ಬಿತ್ತು. ಕೊರಮೀನು ಹೀಗೇ. ಕಪ್ಪೆ ನೀರಿಗೆ ಬಿದ್ದ ಸದ್ದಿಗೇ ಬಂದು ಹೊಡೆಯುವುದು ಜಾಸ್ತಿ. ನೀವು ಸಿದ್ಧವಾಗಿರಬೇಕಾದ ಆ ಒಂದು ಕ್ಷಣದಲ್ಲಿ ಕೈ ಬದಲಾವಣೆ ನಡೆಯುತ್ತಿರುತ್ತದೆ. ಮರುವರ್ಷ ಎಡ ಹಿಡಿಕೆಯ ರೀಲ್ ತಗೊಂಡೆ. ಮೊದಲ ಮೂರು ವಾರ ಎಡಗೈ ಹಿಟ್ಟು ಕಲೆಸಿದ ಹಾಗೆ ಎಡವಟ್ಟಾಗಿ ತಿರುಗುತ್ತಿತ್ತು. ಆಮೇಲೆ ಮರೆತೇ ಹೋಯಿತು.

ಹಾಗಂತ ಕೈ ಬದಲಾಯಿಸುವುದೇ ತಪ್ಪು ಅಂತಲೂ ಅಲ್ಲ. ಮುನಿರಾಬಾದ್ ಕಡೆಯ ನನ್ನ ಹಳೆಯ ಜೊತೆಗಾರರೊಬ್ಬರಿದ್ದಾರೆ. ಕಟ್ಲಾ, ರೋಹುಗೆ ಹಿಟ್ಟಿನ ಉಂಡೆ ಕಟ್ಟಿ ದೂರ ಎಸೆದು, ರಾಡನ್ನು ಕವೆಗೋಲಿನ ಮೇಲಿಟ್ಟು ಬೀಡಿ ಹಚ್ಚುತ್ತಾರೆ. ಮೀನು ಎಳೆಯುವುದು ಹತ್ತು ನಿಮಿಷಕ್ಕೋ ಒಂದು ತಾಸಿಗೋ. ಅವರಿಗೆ ಕೈ ಬದಲಾಯಿಸಲು ಬೇಕಾದಷ್ಟು ಹೊತ್ತು ಇದೆ. ಎಲ್ಲಾ ರೀಲನ್ನೂ ಬಲಗೈಯಿಂದಲೇ ಸುತ್ತುತ್ತಾರೆ. ನನಗಿಂತ ಜಾಸ್ತಿ ಮೀನು ಹಿಡಿಯುತ್ತಾರೆ ಅನ್ನೋದನ್ನೂ ಹೇಳಿಬಿಡುತ್ತೇನೆ. ಗಾಳ ಹಾಕಿ ಕಾಯುವವರಿಗೆ ಈ ಚರ್ಚೆ ಅಷ್ಟು ಮುಖ್ಯವಲ್ಲ. ನಿಮ್ಮ ಹಾಗೆ ನಿಮಿಷಕ್ಕೊಂದು ಸಲ ಎಸೆದು ಸುತ್ತುವವರಿಗೆ ಮುಖ್ಯ. ಬೆಳಗಿನ ಎರಡು ತಾಸಿನಲ್ಲಿ ನೂರು ಸಲ ಎಸೆದರೆ ನೂರು ಸಲ ಕೈ ಬದಲಾಯಿಸಬೇಕಲ್ಲ.

ಇನ್ನು ಬಲದ ವಿಚಾರ. ‘ಗಟ್ಟಿ ಕೈಯಿಂದ ಸುತ್ತಬೇಕು, ಆಗಲೇ ದೊಡ್ಡ ಮೀನು ಬರುತ್ತೆ’ ಅಂತ ನಿಮಗೆ ಹೇಳುವವರು ಸಿಗುತ್ತಾರೆ. ನಾನು ಒಪ್ಪುವುದಿಲ್ಲ. ದೊಡ್ಡ ಮೀನನ್ನು ರೀಲ್ ಎಳೆಯುವುದಿಲ್ಲ, ರಾಡ್ ಎಳೆಯುತ್ತದೆ. ರಾಡನ್ನು ಮೇಲೆತ್ತಿ ಮೀನನ್ನು ಹತ್ತಿರ ತರುತ್ತೇವೆ. ರಾಡ್ ಇಳಿಸುತ್ತಾ ಸಡಿಲಾದ ದಾರವನ್ನು ಸುತ್ತಿಕೊಳ್ಳುತ್ತೇವೆ. ರಾಟೆಯಲ್ಲಿ ನೀರು ಸೇದುವಾಗ ಒಂದು ಕೈ ಎಳೆಯುತ್ತದೆ, ಇನ್ನೊಂದು ಕೈ ಹಗ್ಗ ಹಿಡಿದು ನಿಲ್ಲಿಸುತ್ತದಲ್ಲ, ಹಾಗೆ. ಲೆಕ್ಕ ಹಾಕಿ ನೋಡಿ. ನಿಮ್ಮ ರಾಡ್ 7 ಅಡಿ ಅಂದುಕೊಳ್ಳಿ, ಅಂದರೆ ಸುಮಾರು 2.1 ಮೀಟರ್. ಬುಡ ಹೊಟ್ಟೆಗೆ ಒತ್ತಿದೆ. ರೀಲ್ ಹಿಡಿದ ಕೈ ಬುಡದಿಂದ 40 ಸೆಂಟಿಮೀಟರ್ ಮುಂದಿದೆ. ತುದಿಯಲ್ಲಿ ಮೀನು ಅಡ್ಡಕ್ಕೆ 1 ಕೆ.ಜಿ. ಭಾರದಷ್ಟು ಎಳೆದರೆ ಆ ಕೈ ತಡೆಯಬೇಕಾದದ್ದು 5 ಕೆ.ಜಿ.ಗೂ ಸ್ವಲ್ಪ ಜಾಸ್ತಿ. ರಾಡ್ ಬಾಗಿದಷ್ಟೂ ಈ ಭಾರ ಕಡಿಮೆಯಾಗುತ್ತದೆ, ಅದು ಬೇರೆ ಮಾತು. ಆದರೂ ದುಡಿಯುವ ಕೈ ರಾಡಿನದು. ಗಟ್ಟಿ ಕೈ ಇರಬೇಕಾದದ್ದು ಅಲ್ಲಿ. ನಿಮ್ಮ ಗಟ್ಟಿ ಕೈ ಎಡಗೈ, ಎಸೆಯುವುದೂ ಎಡಗೈ. ಅದು ರಾಡಿನ ಮೇಲೇ ಇರಲಿ.

ಸುತ್ತುವ ಕೈಗೆ ಬೇಕಾದದ್ದು ಬಲ ಅಲ್ಲ, ಹದ. ಅಜ್ಜಿಯರು ಬೀಸುವ ಕಲ್ಲಿನ ಮುಂದೆ ಕೂತಿದ್ದು ನೆನಪಿದೆಯಾ? ಒಂದು ಕೈ ಗೂಟ ತಿರುಗಿಸುತ್ತಿತ್ತು, ಇನ್ನೊಂದು ಕೈ ಜೋಳ ಹಾಕುತ್ತಿತ್ತು. ಸೋತರೆ ಹಾಡು ನಿಲ್ಲಿಸದೆ ಕೈ ಬದಲಾಯಿಸುತ್ತಿದ್ದರು. ಸಣ್ಣ ವೃತ್ತದಲ್ಲಿ ತಿರುಗಿಸುವ ಕೆಲಸವನ್ನು ಯಾವ ಕೈ ಬೇಕಾದರೂ ಕಲಿಯುತ್ತದೆ. ಗುರಿಯಿಟ್ಟು ಎಸೆಯುವುದನ್ನು ಇನ್ನೊಂದು ಕೈಗೆ ಕಲಿಸಿ ನೋಡಿ, ಆಗ ಗೊತ್ತಾಗುತ್ತದೆ.

ನಿಮ್ಮ ವಿಚಾರದಲ್ಲಿ ಒಂದು ಅನುಮಾನ ಮಾತ್ರ ಪರಿಹಾರ ಆಗಬೇಕು. ನೀವು ಎಲ್ಲದಕ್ಕೂ ಎಡಚರಾ? ನಮ್ಮಲ್ಲಿ ಬೈಸಿಕೊಂಡು ಬೈಸಿಕೊಂಡು ಅರ್ಧ ಬಲಗೈಗೆ ತಿರುಗಿದ ಎಡಚರು ಬಹಳ. ಬರೆಯುವುದು ಬಲಗೈ, ಚೆಂಡು ಎಸೆಯುವುದು ಎಡಗೈ, ಕುಡಗೋಲು ಹಿಡಿಯುವುದು ಮತ್ತೆ ಬಲಗೈ. ಅದಕ್ಕೇ ಯಾವ ಕೈಯಲ್ಲಿ ಬರೆಯುತ್ತೀರಿ ಅಂತ ಕೇಳುವುದಿಲ್ಲ. ಹುಣಸೆಮರದ ಕೆಳಗೆ ನಿಂತು ಒಂದು ಕಾಯಿಗೆ ಗುರಿಯಿಟ್ಟು ಕಲ್ಲು ಹೊಡೆಯಿರಿ. ಯೋಚನೆ ಮಾಡದೆ ಯಾವ ಕೈ ಎದ್ದಿತೋ ಅದು ನಿಮ್ಮ ಎಸೆಯುವ ಕೈ. ಆಮೇಲೆ ಅರ್ಧ ಲೀಟರ್ ನೀರಿನ ಬಾಟಲಿಯನ್ನು ದಾರಕ್ಕೆ ಕಟ್ಟಿ, ಮಾಳಿಗೆ ಮೇಲಿಂದ ರಾಡಿನಲ್ಲಿ ಮೆಲ್ಲಗೆ ಮೇಲೆತ್ತಿ. ಒಮ್ಮೆ ಎಡಗೈಯಲ್ಲಿ ರಾಡ್ ಹಿಡಿದು, ಒಮ್ಮೆ ಬಲಗೈಯಲ್ಲಿ ಹಿಡಿದು, ಯಾವ ಕೈಗೆ ಸಲೀಸು ಅಂತ ನೋಡಿ. ಎರಡೂ ಉತ್ತರ ಎಡಗೈ ಅಂತ ಬಂದರೆ ರೈಟ್ ಹ್ಯಾಂಡ್ ರೀಲ್ ತಗೊಳ್ಳಿ, ಮತ್ತೆ ಯೋಚಿಸಬೇಡಿ. ಕಲ್ಲಿಗೆ ಎದ್ದದ್ದು ಬಲಗೈ ಆದರೆ ಮಾತ್ರ ಈಗಿರುವ ರೀಲನ್ನೇ ಇಟ್ಟುಕೊಂಡು ಬಲಗೈಯಿಂದ ಎಸೆಯಲು ಒಂದು ವಾರ ಪ್ರಯತ್ನಿಸಿ.

ಈಗಿರುವ ರೀಲಿನ ಹಿಡಿಕೆಯನ್ನೇ ಆ ಕಡೆ ಹಾಕಿಕೊಳ್ಳಬಹುದಾ ಅಂತ ಕೇಳುತ್ತೀರಿ, ಗೊತ್ತು. ಬೇಟ್‌ಕಾಸ್ಟರಿನಲ್ಲಿ ಆಗುವುದಿಲ್ಲ. ದೊಡ್ಡ ಗೇರು, ನಕ್ಷತ್ರದಂಥ ಡ್ರ್ಯಾಗ್ ಚಕ್ರ, ಉರುಳೆಯನ್ನು ಬಿಡಿಸುವ ಕ್ಲಚ್, ಎಲ್ಲಾ ಹಿಡಿಕೆಯ ಕಡೆಯ ಪೆಟ್ಟಿಗೆಯಲ್ಲೇ ಇವೆ. ಇನ್ನೊಂದು ಕಡೆ ಸಾಮಾನ್ಯವಾಗಿ ಬ್ರೇಕು ಮತ್ತು ಅಂಗೈಗೆ ಕೂರುವ ನುಣುಪಾದ ಮುಚ್ಚಳ ಇರುತ್ತದೆ. ಬಲ ಹಿಡಿಕೆಯ ರೀಲಿನಲ್ಲಿ ಈ ನುಣುಪಾದ ಮುಚ್ಚಳ ಎಡಗಡೆ ಬರುತ್ತದೆ. ಎಡಗೈಯಲ್ಲಿ ಹಿಡಿದರೆ ಅಂಗೈ ಅಲ್ಲಿ ಸರಿಯಾಗಿ ಕೂರುತ್ತದೆ. ಎಸೆದ ಹಿಡಿತದಲ್ಲೇ ಅಂಗೈಯನ್ನು ಸ್ವಲ್ಪ ಮುಂದೆ ಸರಿಸಿದರೆ ಸಾಕು, ರಾಡ್ ಕೈ ಬಿಟ್ಟು ಹೋಗುವ ಮಾತೇ ಇಲ್ಲ.

ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿ ನೋಡಿ. ಶಿಮಾನೊ ಬೇಟ್‌ಕಾಸ್ಟರುಗಳಲ್ಲಿ ಅಂಕಿ 150, 200 ಅಂತ ಸೊನ್ನೆಗೆ ಮುಗಿದರೆ ಬಲ ಹಿಡಿಕೆ. 151, 201 ಅಂತ ಒಂದಕ್ಕೆ ಮುಗಿದರೆ ಎಡ ಹಿಡಿಕೆ. ಅಬು ಗಾರ್ಸಿಯಾದ ಹಳೆಯ ಗುಂಡು ರೀಲುಗಳಲ್ಲೂ 6500 ಬಲ, 6501 ಎಡ. ಡೈವಾದವರು ಹೆಸರಿನ ಕೊನೆಗೆ ‘ಎಲ್’ ಅಕ್ಷರ ಹಾಕಿದ್ದರೆ ಎಡ. ಇದೆಲ್ಲ ನೆನಪಿರದಿದ್ದರೆ ಸುಮ್ನೆ ಡಬ್ಬಿ ತೆಗೆಸಿ. ರೀಲನ್ನು ಮೇಲ್ಮುಖ ಮಾಡಿ, ದಾರ ಮುಂದಕ್ಕೆ ಹೋಗುವ ಹಾಗೆ ಹಿಡಿದು, ಹಿಡಿಕೆ ಯಾವ ಕಡೆ ಇದೆ ಅಂತ ನೋಡಿ. ಆನ್‌ಲೈನ್‌ನಲ್ಲಿ ಫೋಟೊ ನೋಡಿ ಕೊಳ್ಳಬೇಡಿ. ಎಷ್ಟೋ ಸಲ ಎರಡು ಮಾದರಿಗೂ ಒಂದೇ ಫೋಟೊ ಹಾಕಿರುತ್ತಾರೆ.

ಮಗನ ರೀಲಿನ ವಿಚಾರ ಸುಲಭ. ಅವನಿಗೆ ಬೇಟ್‌ಕಾಸ್ಟರ್ ಬೇಡ. ಹೆಬ್ಬೆರಳಿನ ಹದ ಸಿಗುವ ತನಕ ದಾರ ಕಾಗೆ ಗೂಡಾಗುತ್ತದೆ, ಹುಡುಗನಿಗೆ ಬೇಜಾರಾಗಿ ಬಿಟ್ಟುಬಿಡುತ್ತಾನೆ. 2000 ಅಥವಾ 2500 ಅಳತೆಯ ಸ್ಪಿನ್ನಿಂಗ್ ರೀಲ್ ಕೊಡಿಸಿ. ಅದು ರಾಡಿನ ಕೆಳಗೆ ತೂಗುತ್ತದೆ. ಎಸೆಯುವಾಗ ಉರುಳೆ ತಿರುಗುವುದಿಲ್ಲ, ದಾರ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಈ ಉಪಾಯಕ್ಕೆ ಇಂಗ್ಲೆಂಡಿನ ಇಲ್ಲಿಂಗ್‌ವರ್ತ್ ಅನ್ನುವವರು 1905ರಲ್ಲಿ ಪೇಟೆಂಟ್ ತಗೊಂಡರು. ಬಟ್ಟೆ ಗಿರಣಿಯ ನೂಲು ಉರುಳೆಯಿಂದ ಜಾರುವುದನ್ನು ನೋಡಿ ಹೊಳೆದದ್ದಂತೆ.

ಸ್ಪಿನ್ನಿಂಗ್ ರೀಲಿನಲ್ಲಿ ಎಡ, ಬಲ ಅನ್ನುವ ಜಗಳವೇ ಇಲ್ಲ. ಹಿಡಿಕೆಯನ್ನು ಯಾವ ಕಡೆ ಬೇಕಾದರೂ ಹಾಕಬಹುದು. ಒಳಗಿನ ದೊಡ್ಡ ಗೇರಿನ ಅಚ್ಚು ಈ ಕಡೆಯಿಂದ ಆ ಕಡೆಗೆ ತೂತಾಗಿ ಹೋಗಿರುತ್ತದೆ. ಸೈಕಲ್ ಪೆಡಲಿನ ಅಚ್ಚಿನ ಹಾಗೆ. ಎಡಗಾಲು ತುಳಿದರೂ ಬಲಗಾಲು ತುಳಿದರೂ ಚಕ್ರ ಮುಂದಕ್ಕೇ ಹೋಗುತ್ತದಲ್ಲ, ಇದೂ ಹಾಗೆಯೇ. ಹಿಡಿಕೆ ಯಾವ ಕಡೆ ಇದ್ದರೂ ಮುಂದಕ್ಕೇ ತಿರುಗಿಸುವುದು. ಅವನು ಬಲಗೈಯಿಂದ ಎಸೆಯುವುದರಿಂದ ಹಿಡಿಕೆ ಎಡಗಡೆ ಇರಲಿ.

ಬದಲಾಯಿಸುವ ಕೆಲಸ ಐದು ನಿಮಿಷದ್ದು. ಆದರೆ ಜನ ಇಲ್ಲೇ ರೀಲ್ ಹಾಳು ಮಾಡುವುದು. ಕಡಿಮೆ ಬೆಲೆಯ ರೀಲುಗಳಲ್ಲಿ ಹಿಡಿಕೆಗೆ ಎದುರು ಕಡೆ ಒಂದು ಸ್ಕ್ರೂ ಕ್ಯಾಪ್ ಇರುತ್ತದೆ. ಅದನ್ನು ಬಿಚ್ಚಿದರೆ ಚೌಕ ಅಥವಾ ಆರು ಮೂಲೆಯ ಕಂಬಿಯ ಹಿಡಿಕೆ ಸರಕ್ಕನೆ ಹೊರಗೆ ಬರುತ್ತದೆ. ಆ ಕಡೆಯಿಂದ ತೂರಿಸಿ, ಈ ಕಡೆ ಕ್ಯಾಪ್ ಬಿಗಿ ಮಾಡಿದರೆ ಮುಗಿಯಿತು. ಬೆಲೆ ಜಾಸ್ತಿ ಇರುವ ರೀಲುಗಳಲ್ಲಿ ಹಿಡಿಕೆಯೇ ಗೇರಿಗೆ ತಿರುಚಿಕೊಂಡು ಕೂರುತ್ತದೆ. ಅದನ್ನು ತೆಗೆಯಲು ಹಿಡಿಕೆಯನ್ನು ಹಿಂದಕ್ಕೆ ತಿರುಗಿಸಬೇಕು. ಆ ಹಿಡಿಕೆಯ ಕಂಬಿಯನ್ನು ಹತ್ತಿರದಿಂದ ನೋಡಿ. ಎರಡು ದಪ್ಪದ ಎರಡು ಥ್ರೆಡ್ ಇರುತ್ತವೆ, ಒಂದು ಸೀದಾ, ಇನ್ನೊಂದು ಉಲ್ಟಾ. ಸೈಕಲ್ ಅಂಗಡಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಡ ಪೆಡಲಿಗೂ ಉಲ್ಟಾ ಥ್ರೆಡ್ಡೇ ಇರುವುದು, ತುಳಿದ ಹಾಗೆ ಸಡಿಲಾಗಬಾರದು ಅಂತ. ಇಲ್ಲೂ ಅಷ್ಟೇ, ಸುತ್ತಿದಷ್ಟೂ ಬಿಗಿಯಾಗುತ್ತದೆ. ಬಿಚ್ಚುವಾಗ ಬರಲಿಲ್ಲ ಅಂದರೆ ಪಕ್ಕಡ್ ತರಬೇಡಿ, ಉಲ್ಟಾ ತಿರುಗಿಸಿ ನೋಡಿ. ನನ್ನ ಹತ್ತಿರ ರಿಪೇರಿಗೆ ಬಂದ ಒಂದು ಒಳ್ಳೆಯ ರೀಲಿನ ಥ್ರೆಡ್ ಪೂರ್ತಿ ಸವೆದಿತ್ತು. ಬೇರೇನೂ ಕೆಟ್ಟಿರಲಿಲ್ಲ. ಬಿಚ್ಚಿದ ಕ್ಯಾಪನ್ನು ಖಾಲಿಯಾದ ಕಡೆಯ ತೂತಿಗೆ ಮರೆಯದೆ ಹಾಕಿ. ನಮ್ಮ ಎರೆಮಣ್ಣಿನ ಧೂಳು ಒಳಗೆ ಹೋಗಿ ಗ್ರೀಸಿಗೆ ಅಂಟಿದರೆ ಗೇರಿಗೆ ಉಪ್ಪುಕಾಗದ ಉಜ್ಜಿದ ಹಾಗೆ.

ಹಿಡಿಕೆ ಬದಲಾಗುವುದರ ಲಾಭ ನನಗೆ ಗೊತ್ತಾಗಿದ್ದು ಎಡಗೈ ಮಣಿಕಟ್ಟು ಮುರಿದಾಗ. ಮೋಟಾರ್‌ಸೈಕಲ್ ಮೇಲಿಂದ ಬಿದ್ದಿದ್ದೆ. ಪಟ್ಟಿ ಬಿಚ್ಚಿದ ಮೇಲೂ ಮೂರು ತಿಂಗಳು ಮಣಿಕಟ್ಟು ತಿರುಗುತ್ತಿರಲಿಲ್ಲ. ಸ್ಪಿನ್ನಿಂಗ್ ರೀಲಿನ ಹಿಡಿಕೆ ಬಲಕ್ಕೆ ಹಾಕಿಕೊಂಡು ಗಾಳ ಮುಂದುವರಿಸಿದೆ. ಬೇಟ್‌ಕಾಸ್ಟರ್ ಅಷ್ಟೂ ದಿನ ಗೂಟಕ್ಕೆ ತೂಗುತ್ತಿತ್ತು.

ಮಗನಿಗೆ ಇನ್ನೊಂದು ಹೇಳಿಕೊಡಿ. ಮೀನು ದಾರ ಎಳೆದುಕೊಂಡು ಹೋಗುವಾಗ, ಡ್ರ್ಯಾಗ್ ‘ಕರ್ರ್’ ಅನ್ನುವಾಗ, ಸುತ್ತಬಾರದು. ಸ್ಪಿನ್ನಿಂಗ್ ರೀಲಿನಲ್ಲಿ ಗೇರಿನ ಲೆಕ್ಕ 5.2 ಅಂತಿದ್ದರೆ (ಹಿಡಿಕೆಯ ಒಂದು ಸುತ್ತಿಗೆ ದಾರ ಸುತ್ತುವ ತಲೆ 5.2 ಸಲ ತಿರುಗುತ್ತದೆ ಅಂತ), ದಾರ ಒಳಗೆ ಬಾರದೆ ಹಿಡಿಕೆ ಒಂದು ಸುತ್ತು ತಿರುಗಿದರೆ ದಾರಕ್ಕೆ ಐದು ತಿರುಚು ಬೀಳುತ್ತದೆ. ಹತ್ತು ಸುತ್ತಿಗೆ ಐವತ್ತು. ಆಮೇಲೆ ದಾರ ಗಂಟುಗಂಟಾಗಿ ‘ರೀಲ್ ಸರಿಯಿಲ್ಲ’ ಅನ್ನುತ್ತೇವೆ. ಕೈ ಯಾವುದಾದರೂ ಈ ತಪ್ಪು ಒಂದೇ. ಅದೇ ರೀಲಿನಲ್ಲಿ ಉರುಳೆಯ ಅಡ್ಡಳತೆ 45 ಮಿಲಿಮೀಟರ್ ಇದ್ದರೆ, ಸರಿಯಾಗಿ ಸುತ್ತಿದಾಗ ಒಂದು ಸುತ್ತಿಗೆ ಸುಮಾರು 73 ಸೆಂಟಿಮೀಟರ್ ದಾರ ಒಳಗೆ ಬರುತ್ತದೆ. ಹುಡುಗರಿಗೆ ಈ ಲೆಕ್ಕ ಇಷ್ಟ. ಸುತ್ತು ಎಣಿಸಿ ಮೀನು ಎಷ್ಟು ದೂರ ಇದೆ ಅಂತ ಹೇಳುತ್ತಾರೆ.

ಎಲ್ಲಿ ಗಾಳ ಹಾಕುತ್ತೀರಿ ಅಂತ ನೀವು ಬರೆದಿಲ್ಲ. ಸಿಂಧನೂರು ಅಂದಮೇಲೆ ಎಡದಂಡೆ ಕಾಲುವೆ, ಇಲ್ಲ ಊರ ಕೆರೆ ಇರಬೇಕು. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿಲೋಮೀಟರ್ ಉದ್ದ, ಕಾಂಕ್ರೀಟ್ ಹಾಕಿದ ಕಡೆ ಇಳಿಜಾರಿಗೆ ಪಾಚಿ. ಅಲ್ಲಿ ನಿಂತು ರಾಡ್ ಕೈ ಬದಲಾಯಿಸುವಾಗ ಎರಡೂ ಕೈ ತುಂಬಿರುತ್ತವೆ, ಕಾಲು ಜಾರುವುದು ಆಗಲೇ. ಮಗನನ್ನು ಮೇಲಿನ ದಾರಿಯಲ್ಲೇ ನಿಲ್ಲಿಸಿ. ಕೆರೆಯಾದರೆ ಮೀನಿನ ಗುತ್ತಿಗೆ ಹಿಡಿದವರನ್ನು ಮೊದಲು ಕೇಳಿ. ಕೃಷ್ಣಾ ದಂಡೆಗೆ ಹೋದರೆ ಮೊಣಕಾಲು ನೀರಿಗೂ ಇಳಿಯಬೇಡಿ. ರಾಯಚೂರಿನವರಿಗೆ ಮೊಸಳೆ ಬಗ್ಗೆ ನಾನು ಹೇಳಬೇಕಾಗಿಲ್ಲ. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿ ಸೇತುವೆವರೆಗಿನ 34 ಕಿಲೋಮೀಟರ್ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶ. ಆ ಕಡೆ ಗಾಳ ಹಾಕಲು ಹೋಗಬೇಡಿ. ಅಲ್ಲಿನ ಮೀನು ಅವುಗಳ ಪಾಲು.

ನಿಮ್ಮ ಎಡ ಹಿಡಿಕೆಯ ರೀಲನ್ನು ಅಂಗಡಿಯವರು ಎರಡು ತಿಂಗಳ ಮೇಲೆ ವಾಪಸ್ ತಗೊಳ್ಳುವುದು ಅನುಮಾನ. ಅದಕ್ಕೆ ಗಿರಾಕಿ ಹುಡುಕುವುದು ಕಷ್ಟವೇನಿಲ್ಲ. ಬಲಗೈಯಿಂದ ಎಸೆದು ಎಡಗೈಯಿಂದ ಸುತ್ತುವವರಿಗೆ ಅದು ಹೇಳಿ ಮಾಡಿಸಿದ ರೀಲ್. ನಿಮ್ಮನ್ನು ನೋಡಿ ನಕ್ಕ ಆ ಗೆಳೆಯರಲ್ಲಿ ಯಾರು ಎಸೆದ ಮೇಲೆ ಕೈ ಬದಲಾಯಿಸುತ್ತಾರೆ ಅಂತ ನಾಳೆ ಬೆಳಿಗ್ಗೆ ಗಮನಿಸಿ ನೋಡಿ. ಅವರಿಗೇ ಮಾರಿ.